ಪ್ರತಿಕ್ರಿಯೆ: ಮುಳ್ಳಯ್ಯನಗಿರಿಯ ನೀಲಿ ಹೂವಿನ ಪೊದೆಗೆ ಎರಡು ಹೆಸರು ಯಾಕೆ?

ಒಂದು ಕಡೆ ಸ್ಟ್ರೊಬಿಲಾಂಥಸ್, ಇನ್ನೊಂದು ಕಡೆ ಫ್ಲೆಬೊಫಿಲಮ್ ಎಂದು ತೋರಿಸುತ್ತಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಕುಲದ ಮಟ್ಟಿಗೆ, ಅಂದರೆ ಹತ್ತಿರದ ಸಂಬಂಧಿ ಪ್ರಭೇದಗಳ ಗುಂಪಿನ ಮಟ್ಟಿಗೆ, ಸ್ಟ್ರೊಬಿಲಾಂಥಸ್ ಎಂದೇ ಬರೆದುಕೊಳ್ಳಿ. 1944ರಲ್ಲಿ ಬ್ರೆಮೆಕಾಂಪ್ ಎಂಬ ಸಸ್ಯವಿಜ್ಞಾನಿ, ಪರಾಗದ ರಚನೆಗೆ ಹೆಚ್ಚು ಒತ್ತು ಕೊಟ್ಟು, ಈ ದೊಡ್ಡ ಕುಲವನ್ನು ಹತ್ತಾರು ಸಣ್ಣ ಕುಲಗಳಾಗಿ ಒಡೆದರು. ನೀಲಗಿರಿಯಾಂಥಸ್‌ನಂಥವು ಆಗ ಹುಟ್ಟಿದವು; ಫ್ಲೆಬೊಫಿಲಮ್ ಅದಕ್ಕೂ ಹಳೆಯ ಹೆಸರು, ಅದನ್ನು ಅವರು ಮತ್ತೆ ಬಳಕೆಗೆ ತಂದರು. ಈಗ ಅವನ್ನೆಲ್ಲ ಮತ್ತೆ ಒಂದೇ ಕುಲಕ್ಕೆ ಸೇರಿಸಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ನಿಜವಾದ ಗೊಂದಲ ಪ್ರಭೇದದ್ದು. ನಿಮ್ಮ ಫೋಟೋದಲ್ಲಿ ಹೂವಷ್ಟೇ ಇದೆ, ಅದರಿಂದ ಹೇಳಲಾಗದು. ಗಂಟೆಯಾಕಾರದ ನೀಲಿ ಹೂ ಈ ಕುಲದ ಪ್ರಭೇದಗಳಲ್ಲಿ ಹಲವಕ್ಕಿದೆ. ಮೊದಲು ಗಿಣ್ಣು, ಅಂದರೆ ಎಲೆ ಕಾಂಡಕ್ಕೆ ಸೇರುವ ಜಾಗ, ನೋಡಿ. ಎಲೆಗೆ ತೊಟ್ಟು ಸ್ಪಷ್ಟವಾಗಿದ್ದು, ಎಲೆಯ ಕೆಳಮುಖ ಬೆಳ್ಳಗಿನ ನವಿರು ರೋಮದಿಂದ ಕೂಡಿದ್ದರೆ ಕುಂತಿಯಾನಾ, ಅಂದರೆ ನೀಲಕುರಿಂಜಿ ಇರಬಹುದು. ಎಲೆ ತೊಟ್ಟಿಲ್ಲದೆ ಕಾಂಡಕ್ಕೇ ಅಂಟಿಕೊಂಡಿದ್ದರೆ ಸೆಸ್ಸಿಲಿಸ್ ಎಂಬ ಪ್ರಭೇದದ ಕಡೆ ಯೋಚಿಸಿ. ಇಷ್ಟಕ್ಕೇ ತೀರ್ಮಾನಿಸಬೇಡಿ. ಉದುರಿಬಿದ್ದ ತಾಜಾ ಹೂವೊಂದನ್ನು ಸೂಜಿಯಿಂದ ಉದ್ದಕ್ಕೆ ಸೀಳಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಕೇಸರಗಳು (ಪರಾಗ ಹೊರುವ ಎಳೆಗಳು) ಎರಡೋ ನಾಲ್ಕೋ ಎಣಿಸಿ. ಒಳಗೆ ಶಲಾಕೆಯನ್ನು (ಅಂಡಾಶಯದಿಂದ ಮೇಲಕ್ಕೆ ಚಾಚಿದ ಕಡ್ಡಿಯಂಥ ಭಾಗ) ಹಿಡಿದಿಟ್ಟಿರುವ ಎರಡು ಸಾಲು ರೋಮಗಳೂ ಕಾಣುತ್ತವೆ, ನೋಡಲು ಬಲು ಚೆಂದ.

ಎಲೆಯ ಎರಡೂ ಮುಖ, ಗಿಣ್ಣು, ಹೂವಿನ ಬುಡದ ಪುಟ್ಟ ಎಲೆಗಳು, ಎಲ್ಲದರ ಫೋಟೋ ಸ್ಕೇಲ್ ಇಟ್ಟು ತೆಗೆದು ಹಾಕಿ. ಬಣ್ಣವನ್ನು ಸ್ಥಳದಲ್ಲೇ ಬರೆದುಕೊಳ್ಳಿ, ಒಣಗಿದರೆ ಮಾಸುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರೆಂಬೆ ಮಾತ್ರ ಮುರಿಯಬೇಡಿ. ವರ್ಷಗಟ್ಟಲೆ ಕಾದು ಒಮ್ಮೆ ಹೂಬಿಟ್ಟು, ಬೀಜ ಚೆಲ್ಲಿ ಸಾಯುವ ಗಿಡ ಅದು.