ವರ್ಷದ ನಡುವೆ ಬದಲಾಗುವ ಬಜೆಟ್ ಲೆಕ್ಕವನ್ನು ಯಾರು ನೋಡುತ್ತಾರೆ?

ಪ್ರಶ್ನೆ: ಫೆಬ್ರುವರಿಯಲ್ಲಿ ಕೇಂದ್ರ ಬಜೆಟ್ ಬಂದಾಗ ಟಿ.ವಿ.ಯಲ್ಲಿ ಇಡೀ ದಿನ ಅದೇ ಮಾತು. ಡಿಸೆಂಬರಿನಲ್ಲಿ ಮಾತ್ರ ‘ಪೂರಕ ಬೇಡಿಕೆಗಳಿಗೆ ಲೋಕಸಭೆ ಒಪ್ಪಿಗೆ’ ಅಂತ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಮೊತ್ತ ನೋಡಿದರೆ ಸಾವಿರಾರು ಕೋಟಿ! ಒಮ್ಮೆ ಒಪ್ಪಿದ ಬಜೆಟನ್ನು ಹೀಗೆ ಬದಲಿಸಬಹುದೇ? ಬಜೆಟ್ ಪರಿಶೀಲಿಸುವ ಸಮಿತಿಗಳು ಇದನ್ನೂ ನೋಡುತ್ತವೆಯೇ?
– ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಬದಲಿಸಬಹುದು ಸರ್, ಸಂವಿಧಾನವೇ ಅದಕ್ಕೆ ದಾರಿ ಕೊಟ್ಟಿದೆ. ಆದರೆ ನಿಮ್ಮ ಎರಡನೇ ಪ್ರಶ್ನೆಯ ಉತ್ತರ ಬೇಸರದ್ದು. ಸದನ ಒಪ್ಪಿಗೆ ಕೊಡುವ ಮೊದಲು ಯಾವ ಸಮಿತಿಯೂ ಕೂತು ಇದನ್ನು ನೋಡುವ ಪದ್ಧತಿ ನಮ್ಮ ಸಂಸತ್ತಿನಲ್ಲಿ ಇಲ್ಲ.

ಊರ ಜಾತ್ರೆಯನ್ನೇ ನೆನೆಸಿಕೊಳ್ಳಿ. ಊರವರು ಸೇರಿ ಇಷ್ಟು ಖರ್ಚು ಅಂತ ಒಪ್ಪಿರುತ್ತಾರೆ. ನಡುವೆ ತೇರಿನ ಗಾಲಿ ಮುರಿಯಿತು. ರಿಪೇರಿ ಮಾಡಿಸದೆ ವಿಧಿಯಿಲ್ಲ, ಆದರೆ ಒಪ್ಪಿದ್ದಕ್ಕಿಂತ ಜಾಸ್ತಿ ದುಡ್ಡು ತೆಗೆಯಬೇಕಾದರೆ ಮತ್ತೆ ಊರವರನ್ನು ಕೂಡಿಸಿ ಕೇಳಬೇಕು, ಅಲ್ವಾ? ಸಂವಿಧಾನ ಹೇಳುವುದೂ ಅಷ್ಟೇ. 114ನೇ ವಿಧಿಯ ಪ್ರಕಾರ ಕಾನೂನಿನ ಮೂಲಕ ಒಪ್ಪಿಗೆ ಸಿಗದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಕೊಟ್ಟ ಹಣ ಸಾಲದೆ ಹೋದರೆ, ಅಥವಾ ಬಜೆಟ್ಟಿನಲ್ಲಿ ಇಲ್ಲದ ಹೊಸ ಕೆಲಸ ಬಂದರೆ, 115ನೇ ವಿಧಿಯ ಪ್ರಕಾರ ಸರ್ಕಾರ ಮತ್ತೆ ಸದನದ ಮುಂದೆ ಬಂದು ಕೇಳಬೇಕು. ಅದೇ ಪೂರಕ ಬೇಡಿಕೆ.

ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ನೆರೆ ಬರುತ್ತದೆ, ಬರ ಬರುತ್ತದೆ, ಎಲ್ಲೋ ಯುದ್ಧವಾಗಿ ಇಲ್ಲಿ ಗೊಬ್ಬರದ ಬೆಲೆ ಏರುತ್ತದೆ. ಕೇಳಿದಾಗ ಯಾರು ಎಷ್ಟು ಹೊತ್ತು ನೋಡುತ್ತಾರೆ ಅನ್ನುವುದೇ ನನ್ನ ಚಿಂತೆ.

ಮೂಲ ಬಜೆಟ್ಟಿಗೆ ಒಂದು ಒಳ್ಳೆಯ ವ್ಯವಸ್ಥೆ ಇದೆ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾದವು. ಆಗ 17 ಇದ್ದವು, 2004ರಿಂದ 24. ಒಂದೊಂದರಲ್ಲಿ 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಗಳಿಗೆ ಅಲ್ಲಿ ಜಾಗವಿಲ್ಲ. ಬಜೆಟ್ ಅಧಿವೇಶನದ ನಡುವೆ ಸದನಕ್ಕೆ ಕೆಲವು ವಾರ ಬಿಡುವು ಕೊಡುತ್ತಾರಲ್ಲ, ಅದನ್ನು ಸುಮ್ನೆ ರಜೆ ಅಂದುಕೊಳ್ಳಬೇಡಿ, ಆ ದಿನಗಳಲ್ಲಿ ಈ ಸಮಿತಿಗಳು ಇಲಾಖೆಯ ಕಾರ್ಯದರ್ಶಿಗಳನ್ನು ಕರೆಸಿ ಹೋದ ವರ್ಷ ಕೊಟ್ಟ ಹಣ ಏಕೆ ಉಳಿಯಿತು, ಈ ವರ್ಷ ಏಕೆ ಜಾಸ್ತಿ ಬೇಕು ಅಂತ ಕೇಳುತ್ತವೆ. ಟಿ.ವಿ. ಕ್ಯಾಮೆರಾ ಇರುವುದಿಲ್ಲ. ಹಾಗಾಗಿ ಪಕ್ಷ ಬಿಟ್ಟು ಮಾತಾಡುವುದಕ್ಕೂ ಅವಕಾಶವಿದೆ. ವರದಿಯನ್ನು ಸರ್ಕಾರ ಒಪ್ಪಲೇಬೇಕು ಅಂತೇನಿಲ್ಲ, ಆದರೆ ಏನು ಕ್ರಮ ಕೈಗೊಂಡಿತು ಅಂತ ಉತ್ತರ ಕೊಡಬೇಕು.

ಈ ಸಮಿತಿಗಳ ಬೆಲೆ ಗೊತ್ತಾಗಬೇಕಾದರೆ 2018ರ ಮಾರ್ಚ್ 14 ನೆನಪಿಸಿಕೊಳ್ಳಿ. ಅವತ್ತು ಲೋಕಸಭೆ ಗದ್ದಲದ ನಡುವೆ ಎಲ್ಲ ಸಚಿವಾಲಯಗಳ ಬೇಡಿಕೆಗಳನ್ನೂ ಚರ್ಚೆ ಇಲ್ಲದೆ ಒಂದೇ ಏಟಿಗೆ ಒಪ್ಪಿಬಿಟ್ಟಿತು. ಇದಕ್ಕೆ ಸಂಸತ್ತಿನಲ್ಲಿ ಗಿಲೋಟಿನ್ ಅನ್ನುತ್ತಾರೆ. ಇಂಥ ದಿನ ಸದನದಲ್ಲಿ ಆಗದ ಕೆಲಸ ಒಂದಷ್ಟಾದರೂ ಸಮಿತಿಯ ಕೋಣೆಯಲ್ಲಿ ಆಗಿರುತ್ತದೆ.

ಪೂರಕ ಬೇಡಿಕೆಗೆ ಈ ಭಾಗ್ಯವೂ ಇಲ್ಲ. ಅದು ಸ್ಥಾಯಿ ಸಮಿತಿಗೆ ಹೋಗದೆ ನೇರವಾಗಿ ಸದನಕ್ಕೆ ಬರುತ್ತದೆ. ಅಲ್ಲೂ ಲೋಕಸಭೆಯ 216ನೇ ನಿಯಮ ಚರ್ಚೆಗೆ ಬೇಲಿ ಹಾಕಿದೆ: ಪಟ್ಟಿಯಲ್ಲಿರುವ ಬಾಬತ್ತುಗಳ ಬಗ್ಗೆ ಮಾತ್ರ ಮಾತಾಡಬೇಕು, ಆ ಬಾಬತ್ತನ್ನು ವಿವರಿಸಲು ಬೇಕಾದಷ್ಟನ್ನು ಬಿಟ್ಟರೆ ಮೂಲ ಅನುದಾನವನ್ನೋ ಅದರ ಹಿಂದಿನ ನೀತಿಯನ್ನೋ ಎತ್ತುವಂತಿಲ್ಲ. ಚಿಕ್ಕ ಮೊತ್ತಕ್ಕೆ ಈ ನಿಯಮ ಸರಿ ಇರಬಹುದು. ದೊಡ್ಡ ಮೊತ್ತಕ್ಕೆ?

2022ರ ಡಿಸೆಂಬರ್ ನೋಡಿ. ಅವತ್ತಿನ ಪೂರಕ ಬೇಡಿಕೆಯಲ್ಲಿ ಹೊಸದಾಗಿ ಖಜಾನೆಯಿಂದ ಹೋಗುವ ಹಣವೇ ಸುಮಾರು 3.25 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಗೊಬ್ಬರದ ಸಬ್ಸಿಡಿಗೇ ಸುಮಾರು 1.09 ಲಕ್ಷ ಕೋಟಿ. ಬಜೆಟ್ಟಿನಲ್ಲಿ ಇಡೀ ವರ್ಷಕ್ಕೆ ಇಟ್ಟಿದ್ದು ಸುಮಾರು 1.05 ಲಕ್ಷ ಕೋಟಿ! ಅಂದರೆ ವರ್ಷದ ನಡುವೆ ಕೇಳಿದ್ದು ವರ್ಷದ ಮೊದಲು ಕೇಳಿದ್ದಕ್ಕಿಂತ ಜಾಸ್ತಿ. ಉಕ್ರೇನ್ ಯುದ್ಧದಿಂದ ಬೆಲೆ ಏರಿತ್ತು, ರೈತರಿಗೆ ಗೊಬ್ಬರ ಸಿಗಲೇಬೇಕಿತ್ತು, ಅದಕ್ಕೆ ಹಣ ಕೊಟ್ಟಿದ್ದು ಸರಿ. ನರೇಗಾ ಮಾತು ಬೇರೆ. ಬಜೆಟ್ಟಿನಲ್ಲಿ 73,000 ಕೋಟಿ ಇಟ್ಟು, ನಡುವೆ 16,400 ಕೋಟಿ ಸೇರಿಸಿದರು. ಹಿಂದಿನ ವರ್ಷ ಎಷ್ಟು ಖರ್ಚಾಗಿತ್ತು, ಜನ ಎಷ್ಟು ಕೆಲಸ ಕೇಳಿದ್ದರು ಅನ್ನುವುದು ಬಜೆಟ್ ಬರೆಯುವಾಗಲೇ ಗೊತ್ತಿದ್ದ ಲೆಕ್ಕ. ಮೊದಲೇ ಕಡಿಮೆ ಇಟ್ಟು ಆಮೇಲೆ ತುಂಬಿಸುವುದು ಅಭ್ಯಾಸವಾದರೆ ನಡುವಿನ ತಿಂಗಳುಗಳಲ್ಲಿ ಕೂಲಿ ಬಾಕಿ ಬೀಳುವ ಅಪಾಯ ಇದ್ದೇ ಇದೆ. ‘ಮೊದಲೇ ಏಕೆ ಇಡಲಿಲ್ಲ’ ಅಂತ ಅಧಿಕಾರಿಯನ್ನು ಎದುರು ಕೂರಿಸಿ ಕೇಳಬೇಕಾದ ಪ್ರಶ್ನೆ ಇದು. ಸದನದಲ್ಲಿ ಐದು ನಿಮಿಷ ಸಿಕ್ಕ ಸದಸ್ಯರಿಗೆ ಅದು ಸಾಧ್ಯವಿಲ್ಲ.

ಪ್ರಶ್ನೆ: ಲೆಕ್ಕಪತ್ರ ಸಮಿತಿ ಇದೆಯಲ್ಲ? ಅದು ಇದನ್ನೆಲ್ಲ ನೋಡುವುದಿಲ್ಲವೇ?
– ಬಿ.ಕಾಂ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನೋಡುತ್ತದೆ ತಂಗಿ, ಹಣ ಖರ್ಚಾದ ಮೇಲೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ 1921ರಷ್ಟು ಹಳೆಯದು. 22 ಸದಸ್ಯರು, 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರು. ತುಂಬ ಗೌರವದ ಸಮಿತಿ. ಆದರೆ ವರ್ಷ ಮುಗಿದು, ಲೆಕ್ಕ ಮುಚ್ಚಿ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸದನಕ್ಕೆ ಬಂದ ಮೇಲಷ್ಟೇ ಅದರ ಕೆಲಸ ಶುರು. ಅಷ್ಟರಲ್ಲಿ ಆ ಇಲಾಖೆಯ ಕಾರ್ಯದರ್ಶಿಗೆ ವರ್ಗವಾಗಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ಸಮಿತಿ ಇಲ್ಲದೆ ನಡೆಯುವುದಿಲ್ಲ. ಸದನ ಒಪ್ಪಿದ್ದಕ್ಕಿಂತ ಜಾಸ್ತಿ ಖರ್ಚು ಆಗಿಯೇ ಹೋಗಿದ್ದರೆ ಅದನ್ನು ಸಕ್ರಮ ಮಾಡಬೇಕಲ್ಲ, ಆಗ ಏಕೆ ಜಾಸ್ತಿಯಾಯಿತು ಅಂತ ಸಮಿತಿ ವಿಚಾರಿಸಿ ಶಿಫಾರಸು ಮಾಡಿದ ಮೇಲೆಯೇ ಸದನ ಆ ಹಣಕ್ಕೆ ಒಪ್ಪಿಗೆ ಕೊಡುತ್ತದೆ. ಇದನ್ನು ಬರೀ ಕಾಗದದ ಕೆಲಸ ಅನ್ನಬೇಡ. 1996ರಲ್ಲಿ ಬಯಲಾದ ಬಿಹಾರದ ಮೇವು ಹಗರಣ ಕೇಳಿರುತ್ತೀಯ. ಪಶುಸಂಗೋಪನಾ ಇಲಾಖೆಗೆ ಸದನ ಕೊಟ್ಟಿದ್ದ ಅನುದಾನಕ್ಕಿಂತ ಬಹಳ ಹೆಚ್ಚು ಹಣ ಜಿಲ್ಲಾ ಖಜಾನೆಗಳಿಂದ ವರ್ಷಗಟ್ಟಲೆ ಹೋಗಿತ್ತು. ಒಪ್ಪಿದ್ದೆಷ್ಟು, ಹೋಗಿದ್ದೆಷ್ಟು ಅಂತ ಎರಡು ಅಂಕಿ ಪಕ್ಕಪಕ್ಕ ಇಟ್ಟು ಆಗಾಗ ನೋಡಿದ್ದರೆ ಬಹಳ ಮೊದಲೇ ಕಾಣುತ್ತಿತ್ತು.

ಇನ್ನೊಂದು ಮಾತು. ಸಿಎಜಿ ವರದಿಗಳಲ್ಲಿ ‘ಅನಗತ್ಯ ಪೂರಕ ಅನುದಾನ’ ಅನ್ನುವ ಟೀಕೆ ಮತ್ತೆ ಮತ್ತೆ ಬರುತ್ತದೆ. ಮೊದಲು ಕೊಟ್ಟ ಹಣವೇ ಪೂರ್ತಿ ಖರ್ಚಾಗಿರುವುದಿಲ್ಲ, ಆದರೂ ಇಲಾಖೆ ನಡುವೆ ಇನ್ನಷ್ಟು ಕೇಳಿ ಪಡೆದು, ಮಾರ್ಚಿನಲ್ಲಿ ವಾಪಸ್ ಮಾಡಿರುತ್ತದೆ. ಆ ಹಣ ಅಷ್ಟು ದಿನ ಬೇರೆ ಯಾವುದಾದರೂ ಶಾಲೆಗೋ ಆಸ್ಪತ್ರೆಗೋ ಸಿಗಬಹುದಿತ್ತು. ಇದನ್ನು ಎರಡು ವರ್ಷ ಬಿಟ್ಟು ಕಂಡುಹಿಡಿದು ಏನು ಪ್ರಯೋಜನ?

ಪ್ರಶ್ನೆ: ಪೂರಕ ಬೇಡಿಕೆಯ ಪಟ್ಟಿಯಲ್ಲಿ ಎಷ್ಟೋ ಕಡೆ ಬರೀ ಒಂದು ಲಕ್ಷ ರೂಪಾಯಿ ಅಂತ ಇರುತ್ತದೆ. ಕೇಂದ್ರ ಸರ್ಕಾರಕ್ಕೆ ಒಂದು ಲಕ್ಷ ಯಾವ ಲೆಕ್ಕ?
– ಓದುಗರು, ಮೈಸೂರು

ಉತ್ತರ: ಅದು ಸಾಂಕೇತಿಕ ಬೇಡಿಕೆ. ಅದೇ ಅನುದಾನದ ಒಳಗೆ ಬೇರೆ ಕಡೆ ಹಣ ಉಳಿದಿರುತ್ತದೆ. ಅದನ್ನು ಹೊಸ ಕೆಲಸಕ್ಕೆ ತಿರುಗಿಸಬೇಕು, ಹೊಸ ಕೆಲಸವಾದ್ದರಿಂದ ಸದನದ ಒಪ್ಪಿಗೆ ಬೇಕು. ಅದಕ್ಕೆ ಒಂದು ಲಕ್ಷ ಕೇಳುತ್ತಾರೆ. ಆ ಒಂದು ಲಕ್ಷದ ಹಿಂದೆ ಹೀಗೆ ತಿರುಗಿಸುವ ಹಣ ನೂರಾರು ಕೋಟಿ ಇರಬಹುದು. ಹಾಗಾಗಿ ಸಣ್ಣ ಅಂಕಿ ಕಂಡು ಪುಟ ತಿರುಗಿಸಬೇಡಿ, ಕೆಳಗಿನ ಟಿಪ್ಪಣಿ ಓದಿ, ಉಳಿದ ಹಣ ಯಾವ ಯೋಜನೆಯದ್ದು ಅಂತ ನೋಡಿ.

ಪ್ರಶ್ನೆ: ಬೇರೆ ದೇಶಗಳಲ್ಲಿ ಹೇಗೆ? ನಮ್ಮಲ್ಲಿ ಏನು ಮಾಡಬಹುದು?
– ಗ್ರಾಮ ಪಂಚಾಯಿತಿ ಸದಸ್ಯರು, ತುಮಕೂರು ಜಿಲ್ಲೆ

ಉತ್ತರ: ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಎರಡು ಸಲ, ಶರತ್ಕಾಲದಲ್ಲಿ ಮತ್ತು ವಸಂತದಲ್ಲಿ, ಬಜೆಟ್ ತಿದ್ದುಪಡಿ ತರುವುದು ರೂಢಿ. ಅಲ್ಲಿನ ಸಂಸತ್ತಿನ ಹಣಕಾಸು ಸಮಿತಿ ಮಂತ್ರಿಯನ್ನು ಕರೆಸಿ ಈ ಇಲಾಖೆಯಿಂದ ಆ ಇಲಾಖೆಗೆ ಏಕೆ ಹಣ ಹೋಯಿತು ಅಂತ ಕೇಳಿದ ಮೇಲೆಯೇ ಅದು ಮುಂದೆ ಹೋಗುತ್ತದೆ. ಬ್ರಿಟನ್ನಿನ ಸಂಸತ್ತಿನಲ್ಲಿ ಪ್ರತಿ ಇಲಾಖೆಯೂ ಪೂರಕ ಅಂದಾಜಿನ ಜೊತೆ ವಿವರಣೆ ಬರೆದು ತನ್ನ ಸಮಿತಿಗೆ ಕಳಿಸುತ್ತದೆ. ನಮ್ಮಲ್ಲಿ ಸಮಿತಿಗಳನ್ನು ಹೊಸದಾಗಿ ಕಟ್ಟಬೇಕಿಲ್ಲ, 24 ಸಮಿತಿ ಆಗಲೇ ಇವೆ. ದೊಡ್ಡ ಮೊತ್ತದ ಬಾಬತ್ತುಗಳನ್ನಾದರೂ ಒಂದು ವಾರ ಅವುಗಳ ಮುಂದೆ ಇಟ್ಟರೆ ಸಾಕು. ತುರ್ತು ಇದ್ದರೆ ಏನು ಮಾಡುವುದು ಅಂತ ಕೇಳುತ್ತಾರೆ. ತುರ್ತಿಗೆಂದೇ 267ನೇ ವಿಧಿಯ ಸಾದಿಲ್ವಾರು ನಿಧಿ ಇದೆ. 2021ರಲ್ಲಿ ಕೇಂದ್ರದ ಆ ನಿಧಿಯನ್ನು 500 ಕೋಟಿಯಿಂದ 30,000 ಕೋಟಿಗೆ ಏರಿಸಿದ್ದಾರೆ. ಆದ್ದರಿಂದ ಒಂದು ವಾರ ಕಾಯಲು ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಿಮಗೆ ಹತ್ತಿರದ್ದು ರಾಜ್ಯದ ಲೆಕ್ಕ. ಪೂರಕ ಬೇಡಿಕೆಗೆ ಇಲ್ಲಿ 115ರ ಬದಲು 205ನೇ ವಿಧಿ. ನಮ್ಮ ವಿಧಾನಮಂಡಲದಲ್ಲಿ ‘ಪೂರಕ ಅಂದಾಜುಗಳು’ ಅಂತ ವರ್ಷದಲ್ಲಿ ಕಂತುಕಂತಾಗಿ ಬರುತ್ತವೆ. ಪುಸ್ತಕ ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಬೇಡಿಕೆ ತೆಗೆಯಿರಿ. ಯಾವ ಯೋಜನೆಗೆ ಎಷ್ಟು ಸೇರಿಸಿದ್ದಾರೆ, ಏನು ಕಾರಣ ಬರೆದಿದ್ದಾರೆ ಅಂತ ನೋಡಿ, ಅದರ ಪ್ರತಿಯನ್ನು ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಶಾಸಕರ ಕೈಗೆ ಕೊಡಿ. ನಿಮ್ಮ ಪಂಚಾಯಿತಿಗೆ ಅದರಲ್ಲಿ ಎಷ್ಟು ಬಂತು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಡಿ.