ಒದೆತ ತಡೆಯದ ಕೈಗೆ, ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಯಾವ ಸಣ್ಣ ಪಿಸ್ತೂಲು ಸರಿ?

ಡಾಲಸ್ ಹತ್ತಿರ ಇದ್ದೀರಿ, ಗ್ರೀನ್ ಕಾರ್ಡ್ ಇದೆ, ಮಣಿಕಟ್ಟು ನೋವು, ಯಜಮಾನರ 9 ಎಂಎಂ ಪಿಸ್ತೂಲಿನ ಸ್ಲೈಡ್ (ತೋಟಾ ಏರಿಸಲು ಹಿಂದಕ್ಕೆ ಎಳೆಯುವ ಮೇಲಿನ ಭಾಗ) ಎಳೆಯಲು ಕೈಲಾಗುತ್ತಿಲ್ಲ. ಅಂಗಡಿಯವನು ಅಂಗೈಯಲ್ಲಿ ಮುಚ್ಚಿಹೋಗುವ ರೂಗರ್ ಎಲ್‌ಸಿಪಿ ತೋರಿಸಿ "ಹೆಂಗಸರಿಗೆ ಇದೇ ಸರಿ" ಅಂದಿದ್ದಾನೆ, ತಗೊಳ್ಳಲೇ ಎಂದು ಕೇಳಿದ್ದೀರಿ.

ಬೇಡ. ಪಿಸ್ತೂಲು ಪುಟ್ಟದಾದಷ್ಟೂ ಒದೆತ ಜೋರು. ಮುಂದಕ್ಕೆ ಹೋಗುವ ಗುಂಡು ಹಿಂದಕ್ಕೆ ಕೊಡುವ ತಳ್ಳನ್ನು ಹೀರಿಕೊಳ್ಳುವುದು ಪಿಸ್ತೂಲಿನ ತೂಕವೇ. ಎಲ್‌ಸಿಪಿ ಬರೀ 9.4 ಔನ್ಸ್, ಅಂದರೆ 270 ಗ್ರಾಂ ಒಳಗೆ. ತೋಟಾ ತುಂಬಿದ ತೂಕ ಹಿಡಿದು ಸುಮಾರು ಲೆಕ್ಕ ಹಾಕಿದರೆ, .380 ತೋಟಾ (9 ಎಂಎಂಗಿಂತ ಕಡಿಮೆ ಬಲದ್ದು) ಎಲ್‌ಸಿಪಿಯಲ್ಲಿ 5 ಜೂಲ್‌ನಷ್ಟು ಒದೆತ ಕೊಡುತ್ತದೆ. ಅದೇ ತೋಟಾ 18.5 ಔನ್ಸಿನ ಸ್ಮಿತ್ ಅಂಡ್ ವೆಸನ್ ಎಂ&ಪಿ 380 ಶೀಲ್ಡ್ ಇಝಡ್‌ನಲ್ಲಿ 3 ಜೂಲ್ ಆಸುಪಾಸು. ಸಿಗ್ ಪಿ365ರಂಥ ಸಣ್ಣ 9 ಎಂಎಂನಲ್ಲಿ 6ರ ಮೇಲೆ. ಅಂಗಡಿಯವನು ತೋರಿಸಿದ "ಮೆದು" ಪಿಸ್ತೂಲು ಇಝಡ್‌ಗಿಂತ ಇಂಥ ಸಣ್ಣ 9 ಎಂಎಂಗೇ ಹತ್ತಿರ. ಸಾಲದ್ದಕ್ಕೆ ಅದರ ಹಿಡಿ ತೆಳು, ಎರಡೇ ಬೆರಳಿಗೆ ಜಾಗ, ಆ ಪೆಟ್ಟೆಲ್ಲ ಹೆಬ್ಬೆರಳು-ತೋರುಬೆರಳಿನ ನಡುವಿನ ಸಂದಿಗೇ ಬೀಳುತ್ತದೆ. ಎಲ್‌ಸಿಪಿ ಕೆಟ್ಟ ಪಿಸ್ತೂಲೇನಲ್ಲ. ಜೇಬಿಗೆ ಹಾಕಿಕೊಂಡು ಓಡಾಡಲು ಸೊಗಸು, ಅಭ್ಯಾಸ ಮಾಡಲು ಶಿಕ್ಷೆ. ಅಭ್ಯಾಸ ಮಾಡದ ಪಿಸ್ತೂಲು ಒಯ್ದು ಏನು ಪ್ರಯೋಜನ?

ನಿಮಗೆ ನನ್ನ ಮೊದಲ ಆಯ್ಕೆ ಆ 380 ಶೀಲ್ಡ್ ಇಝಡ್. 2018ರಲ್ಲಿ ಬಂದದ್ದು, ಮ್ಯಾಗಜೀನ್‌ನಲ್ಲಿ (ಹಿಡಿಯೊಳಗೆ ಕೂರುವ ತೋಟಾ ಪೆಟ್ಟಿಗೆಯಲ್ಲಿ) 8 ತೋಟಾ, 3.675 ಇಂಚಿನ ನಳಿಗೆ. ಒಳಗೆ ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ) ಇದೆ, ಹಾಗಾಗಿ ಸ್ಲೈಡಿನ ಸ್ಪ್ರಿಂಗ್ ಮೆದು, ಎರಡು ಬೆರಳಲ್ಲೂ ಎಳೆಯಬಹುದು. ಮ್ಯಾಗಜೀನ್ ಪಕ್ಕದ ಗುಂಡಿಯನ್ನು ಕೆಳಗೆ ಒತ್ತಿ ಹಿಡಿದರೆ ತೋಟಾ ಸಲೀಸಾಗಿ ಒಳಗೆ ಇಳಿಯುತ್ತದೆ. ಒಂದೇ ತಕರಾರು, ಹಿಡಿಯ ಹಿಂಬದಿಯ ಗ್ರಿಪ್ ಸೇಫ್ಟಿ: ಅಂಗೈ ಅದನ್ನು ಪೂರ್ತಿ ಒತ್ತದಿದ್ದರೆ ಟ್ರಿಗರ್ ಎಳೆದರೂ ಹಾರುವುದಿಲ್ಲ. ಹಿಡಿತ ಸಡಿಲ ಇರುವವರಿಗೆ ಇದು ಕೈಕೊಡುವುದುಂಟು. ಕೊಳ್ಳುವ ಮುಂಚೆ ಖಾಲಿ ಪಿಸ್ತೂಲನ್ನು ಬರೀ ಬಲಗೈಯಲ್ಲಿ, ಆಮೇಲೆ ಬರೀ ಎಡಗೈಯಲ್ಲಿ ಹಿಡಿದು ಟ್ರಿಗರ್ ಎಳೆದು ನೋಡಿ. ಹಳೆಯದು ಕೊಳ್ಳುವುದಾದರೆ ಇನ್ನೊಂದು ವಿಷಯ: 2020ರಲ್ಲಿ ಹ್ಯಾಮರ್ ದೋಷಕ್ಕಾಗಿ ಶೀಲ್ಡ್ ಇಝಡ್‌ಗಳನ್ನು ಕಂಪನಿಯೇ ವಾಪಸ್ ಕರೆದಿತ್ತು, ಸೀರಿಯಲ್ ನಂಬರ್ ಕೊಟ್ಟು ವಿಚಾರಿಸಿ.

ಅದು ದೊಡ್ಡದಾಯಿತು ಎನ್ನಿಸಿದರೆ ಗ್ಲಾಕ್ 42 ಅಥವಾ ಸಿಗ್ ಪಿ365-380. ಎರಡೂ .380, ಎರಡರಲ್ಲೂ ನಳಿಗೆ ಸ್ಲೈಡಿಗೆ ಲಾಕ್ ಆಗಿ ಕೂರುತ್ತದೆ. ಈ ಲಾಕಿನ ವಿಚಾರ ಗಮನಿಸಿ. ವಾಲ್ಟರ್ ಪಿಪಿಕೆಯಂಥ ಹಳೇ ಮಾದರಿಗಳು ಸ್ಟ್ರೇಟ್ ಬ್ಲೋಬ್ಯಾಕ್: ಲಾಕ್ ಇಲ್ಲ, ಸ್ಲೈಡಿನ ಭಾರ ಮತ್ತು ಬಿಗಿ ಸ್ಪ್ರಿಂಗೇ ಎಲ್ಲವನ್ನೂ ತಡೆಯಬೇಕು. ಅದಕ್ಕೇ ಉಕ್ಕಿನ ತೂಕ ಇದ್ದೂ ಅದು ಚುರುಕ್ಕನೆ ಒದೆಯುತ್ತದೆ, ಸ್ಲೈಡ್ ಎಳೆಯುವುದೂ ಕಷ್ಟ.

ಸ್ಲೈಡ್ ಎಳೆಯಲು ಆಗುವುದೇ ಇಲ್ಲ ಎನ್ನುವವರಿಗೆ ಬೆರೆಟ್ಟಾ ಟಾಮ್‌ಕ್ಯಾಟ್ ಇದೆ, ಅದರ ತೋಟಾ .32 ಎಸಿಪಿ. (.32 ಎಂದರೆ ಊರಿನ ಲೈಸೆನ್ಸುದಾರರಿಗೂ ಗೊತ್ತು. ಭಾರತದಲ್ಲಿ 9 ಎಂಎಂ ಜನಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ), ಕಾನ್ಪುರದ ಕಾರ್ಖಾನೆಯ ರಿವಾಲ್ವರ್ .32. ಆ ರಿವಾಲ್ವರಿನ ತೋಟಾ ಮಾತ್ರ ಬೇರೆ, ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ.) ಟಾಮ್‌ಕ್ಯಾಟ್‌ನ ಪಕ್ಕದ ಲಿವರ್ ಒತ್ತಿದರೆ ನಳಿಗೆಯ ಹಿಂಬದಿ ಮೇಲಕ್ಕೆ ಏಳುತ್ತದೆ, ಒಂದು ತೋಟಾ ನೇರ ಅದರೊಳಗೆ ಇಟ್ಟು ಮುಚ್ಚಿ, ಮ್ಯಾಗಜೀನ್ ತುರುಕಿದರೆ ಮುಗಿಯಿತು. ಆದರೆ ಅದಕ್ಕೆ ಎಕ್ಸ್‌ಟ್ರಾಕ್ಟರ್ (ತೋಟಾವನ್ನು ಹೊರಗೆಳೆಯುವ ಕೊಕ್ಕೆ) ಇಲ್ಲ. ತೋಟಾ ಠುಸ್ ಆದರೆ ಸ್ಲೈಡ್ ಎಳೆದರೂ ಅದು ಹೊರಗೆ ಬರದು, ಮತ್ತೆ ನಳಿಗೆ ಎತ್ತಿಯೇ ತೆಗೆಯಬೇಕು. .22ರ ಪಿಸ್ತೂಲನ್ನು ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳಿ. ಅದರ ಕಿಡಿಮದ್ದು ತೋಟಾದ ಅಂಚಿನಲ್ಲಿರುತ್ತದೆ, ಠುಸ್ ಆಗುವುದು ಜಾಸ್ತಿ.

ಇಷ್ಟೆಲ್ಲದರ ಮುಂಚೆ ಯಜಮಾನರ ಪಿಸ್ತೂಲಿನಲ್ಲೇ ಒಂದು ಪ್ರಯತ್ನ ಮಾಡಿ. ಹೊಸಬರು ಪಿಸ್ತೂಲನ್ನು ಕೈ ಚಾಚಿ ಹಿಡಿದು, ಸ್ಲೈಡಿನ ಬಾಲವನ್ನು ಎರಡು ಬೆರಳಲ್ಲಿ ಚಿವುಟಿ ಎಳೆಯುತ್ತಾರೆ. ಹಾಗಲ್ಲ. ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಗೆಯ ಹಿಂಬದಿ, ತೋಟಾ ಕೂರುವ ಜಾಗ) ಖಾಲಿಯೇ ಎಂದು ಕಣ್ಣಾರೆ ನೋಡಿ, ಬೆರಳು ಟ್ರಿಗರ್‌ನಿಂದ ಹೊರಗಿಟ್ಟು, ಪಿಸ್ತೂಲನ್ನು ಎದೆಯ ಹತ್ತಿರ ತನ್ನಿ. ಎಡ ಅಂಗೈಯನ್ನು ಸ್ಲೈಡಿನ ಮೇಲಿಂದ ಕವುಚಿ ನಾಲ್ಕೂ ಬೆರಳಲ್ಲಿ ಬಿಗಿಹಿಡಿದು, ಆ ಕೈ ಅಲ್ಲಾಡಿಸದೆ ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿ. ಕೆಲಸ ಮಾಡುವುದು ಭುಜ, ಬೆರಳಲ್ಲ. ಹೀಗೆ ಮಾಡುವಾಗ ನಳಿಗೆಯ ಮೂತಿ ಎಡಕ್ಕೆ ತಿರುಗಿಬಿಡುತ್ತದೆ, ಪಕ್ಕದಲ್ಲಿ ನಿಂತವರ ಕಡೆಗೆ! ಪಿಸ್ತೂಲಿನ ಬದಲು ನಿಮ್ಮ ಮೈಯನ್ನೇ ಬಲಕ್ಕೆ ತಿರುಗಿಸಿ ನಿಂತರೆ ಮೂತಿ ಗುರಿಯ ಕಡೆಗೇ ಉಳಿಯುತ್ತದೆ. ಹ್ಯಾಮರ್ ಹೊರಗೆ ಕಾಣುವ ಪಿಸ್ತೂಲಾದರೆ ಮೊದಲು ಹ್ಯಾಮರ್ ಹಿಂದಕ್ಕೆ ಎಳೆದಿಡಿ, ಸ್ಲೈಡ್ ಅರ್ಧ ಹಗುರಾದಂತೆ ಅನಿಸುತ್ತದೆ. ಸುಲಭವಾಗಲಿ ಎಂದು ಮೆದು ಸ್ಪ್ರಿಂಗ್ ಹಾಕಿಸಬೇಡಿ. ಸ್ಲೈಡ್ ಮುಂದಕ್ಕೆ ಬರುವಾಗ ತೋಟಾವನ್ನು ಪೂರ್ತಿ ತಳ್ಳದೆ ಅರ್ಧಕ್ಕೇ ನಿಲ್ಲುತ್ತದೆ.

ತೋಟಾದಲ್ಲೂ ಆಯ್ಕೆ ಇದೆ. +ಪಿ (ಹೆಚ್ಚು ಒತ್ತಡದ್ದು) ಎಂದು ಬರೆದದ್ದು ಮುಟ್ಟಬೇಡಿ. 9 ಎಂಎಂನಲ್ಲೇ ಉಳಿಯುವುದಾದರೆ ಹಾರ್ನಡಿ ಕ್ರಿಟಿಕಲ್ ಡಿಫೆನ್ಸ್ ಲೈಟ್ (ಗುಂಡಿನ ತೂಕ 100 ಗ್ರೇನ್) ಒದೆತ ಕಮ್ಮಿ ಮಾಡಲೆಂದೇ ಮಾಡಿದ್ದು. ಆದರೆ ಮೆದು ತೋಟಾ, ಸಡಿಲ ಮಣಿಕಟ್ಟು, ಹಗುರ ಪಿಸ್ತೂಲು ಮೂರೂ ಸೇರಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ, ಖಾಲಿ ಕೋಶ ಒಲೆಯ ಚಿಮಣಿಯಂತೆ ನೆಟ್ಟಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪಿಸ್ತೂಲಿನ ತಪ್ಪು ಅನಿಸಿದರೂ ಮಣಿಕಟ್ಟು ಬಿಗಿಹಿಡಿದಾಗ ಸರಿಹೋಗುವುದೇ ಹೆಚ್ಚು.

ಇನ್ನು ಒದೆತ ಎಂದು ಹೆದರುವುದರಲ್ಲಿ ಅರ್ಧ ಸದ್ದು. ಒಳಾಂಗಣ ರೇಂಜ್‌ನಲ್ಲಿ (ಗುಂಡು ಹಾರಿಸುವ ಅಭ್ಯಾಸದ ಜಾಗ) ಕಿವಿಗೆ ಪ್ಲಗ್ ಹಾಕಿ, ಅದರ ಮೇಲೆ ಕಿವಿ ಮುಚ್ಚುವ ಮಫ್ ಹಾಕಿ, ಗುಂಡು ಹಾರುವ ಮುಂಚೆಯೇ ಬೆಚ್ಚುವುದು ಕಮ್ಮಿಯಾಗುತ್ತದೆ.

ರೇಂಜ್‌ನಲ್ಲಿ ಬಾಡಿಗೆಗೆ ಸಿಗುವಲ್ಲಿ ಇಝಡ್, ಗ್ಲಾಕ್ 42 ಎರಡನ್ನೂ ತಗೊಂಡು ಒಂದೊಂದರಲ್ಲಿ 50 ತೋಟಾ ಹಾರಿಸಿ. 7 ಗಜ ದೂರ, ಊಟದ ಕಾಗದದ ತಟ್ಟೆ ಗುರಿ. ಮೊದಲ ಹತ್ತು ಎಲ್ಲರಿಗೂ ಚೆನ್ನಾಗೇ ಬೀಳುತ್ತವೆ. ಕೊನೆಯ ಹತ್ತಕ್ಕೆ ಹೊಸ ತಟ್ಟೆ ಹಾಕಿ. ಅವು ತಟ್ಟೆಯೊಳಗಿದ್ದು, ಮಾರನೇ ದಿನ ಮಣಿಕಟ್ಟು ಊದಿರದಿದ್ದರೆ ಆ ಪಿಸ್ತೂಲು ಕೊಳ್ಳಿ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಕೂಡ ಅವತ್ತೇ ಕೊಳ್ಳಿ, ಕೈಚೀಲದಲ್ಲಿ ಬೀಗದ ಕೈ, ಲಿಪ್‌ಸ್ಟಿಕ್ ಜೊತೆ ಬಿಡಿಯಾಗಿ ಹಾಕಬೇಡಿ.

ಎಚ್-1ಬಿ, ಎಫ್-1 ವೀಸಾದಲ್ಲಿರುವವರು ಓದುತ್ತಿದ್ದರೆ: ನಿಮ್ಮ ಲೆಕ್ಕ ಬೇರೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಅಮೆರಿಕದ ಫೆಡರಲ್ ಕಾನೂನಿನಲ್ಲಿ ಬಂದೂಕು, ತೋಟಾ ಎರಡೂ ನಿಮ್ಮ ಹತ್ತಿರ ಇರುವಂತಿಲ್ಲ. ವಕೀಲರನ್ನು ಕೇಳದೆ ಅಂಗಡಿಗೆ ಹೋಗಬೇಡಿ.