ಓದುಗರ ಪ್ರಶ್ನೆ: ಬಂಡೆಗುಂಡಿಯ ಕಡಲು ಕಾಣುವುದು ಯಾವಾಗ?

ಪ್ರಶ್ನೆ: ಡಿಸೆಂಬರಿನಲ್ಲಿ ಮಕ್ಕಳನ್ನು ಕಾಪು ಕಡಲಿಗೆ ಕರೆದೊಯ್ಯುತ್ತಿದ್ದೇವೆ. ಹಿಂದಿನ ಸಲ ದೀಪಸ್ತಂಭದ ಬಂಡೆಗಳ ಹತ್ತಿರ ಅಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಜೀವಿಗಳನ್ನು ನೋಡಲು ಯಾವಾಗ ಹೋಗಬೇಕು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ನೀವು ಹೋದದ್ದು ಉಬ್ಬರದ ಹೊತ್ತಿರಬೇಕು. ಈ ಸಲ ರಜೆಯ ಜೊತೆಗೆ ಪಂಚಾಂಗವನ್ನೂ ನೋಡಿ ಹೊರಡಿ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ತುಂಬ ಹಿಂದೆ ಸರಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಒಂದು ಇಳಿತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಹೊತ್ತು ನಾಳೆ ಸುಮಾರು 50 ನಿಮಿಷ ತಡವಾಗುತ್ತದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಇಳಿತಗಳೂ ಒಂದೇ ಸಮ ಇರುವುದಿಲ್ಲ. ಉಬ್ಬರವಿಳಿತದ ಪಟ್ಟಿಯಲ್ಲಿ ಎತ್ತರದ ಅಂಕಿ ಯಾವುದಕ್ಕೆ ಕಡಿಮೆಯೋ ಅದನ್ನೇ ಆರಿಸಿ. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಬಂಡೆಯ ಹತ್ತಿರ ಇರಿ, ನೀರು ತಿರುಗಿದ ಕೂಡಲೇ ದಡಕ್ಕೆ ಬನ್ನಿ.

ನೀರಿಳಿದಾಗ ಬಂಡೆಗಳ ನಡುವೆ ನೀರು ನಿಂತ ಗುಂಡಿಯ ಪಕ್ಕ ನೆರಳು ಬೀಳದಂತೆ ಕುಳಿತು ಐದು ನಿಮಿಷ ಅಲುಗಾಡಬೇಡಿ. ನೆರಳಿಗೆ ಅಡಗಿದ್ದ ಸಣ್ಣ ಮೀನುಗಳು ಆಗ ಹೊರಬರುತ್ತವೆ. ಶಂಖವೊಂದು ತಾನಾಗಿ ನಡೆಯತೊಡಗಿದರೆ ಒಳಗಿರುವುದು ಸನ್ಯಾಸಿ ಏಡಿ. ಬಂಡೆಗೆ ಅಂಟಿದ ಲೋಳೆಯ ಗುಬುಟು ಕಂಡರೆ ಕೈ ಹಾಕಬೇಡಿ, ಅದು ಸೀ ಅನಿಮೋನ್ ಎಂಬ ಕಡಲಜೀವಿ. ಗಾಳಿಗೆ ಮುದುಡಿಕೊಂಡದ್ದು, ನೀರು ಮುಟ್ಟಿದಾಗ ಸೇವಂತಿಗೆಯಂತೆ ಎಸಳು ಬಿಚ್ಚುತ್ತದೆ. ಆ ಎಸಳುಗಳಲ್ಲೇ ಕುಟುಕುವ ಕಣಗಳಿವೆ.

ಕಲ್ಲು ಎತ್ತಿದರೆ ಮೊದಲಿದ್ದ ಹಾಗೆಯೇ, ಅದೇ ಮಗ್ಗುಲಿಗೆ ಇಡಿ. ಬಹಳ ಜನ ತಪ್ಪುವುದು ಇಲ್ಲೇ. ಮಗುಚಿ ಬಿಟ್ಟರೆ ಅಡಿಯಲ್ಲಿದ್ದವು ಬಿಸಿಲಿಗೆ ಒಣಗುತ್ತವೆ, ಮೇಲಿನ ಪಾಚಿ ಕತ್ತಲಲ್ಲಿ ಸಾಯುತ್ತದೆ. ಹವಳದ ತುಂಡು ಸಿಕ್ಕರೂ ಮನೆಗೆ ತರಬೇಡಿ; ಕಲ್ಲುಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಕಾಲಿಗೆ ಚಪ್ಪಲಿಯ ಬದಲು ಹಿಡಿತವಿರುವ ಶೂ ಇರಲಿ, ಪಾಚಿಕಲ್ಲು ವಿಪರೀತ ಜಾರುತ್ತದೆ.

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಕಡಲು ಕೆಂಪು, ಹಸಿರು ಬೆರೆತು ಕದಡಿರುವುದೇಕೆ? ಆಗ ನೇತ್ರಾಣಿ ದ್ವೀಪದಲ್ಲಿ ಹವಳ ಕಂಡೀತೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಆ ಕೆಂಪಿನಲ್ಲಿ ನಿಮ್ಮ ಜಿಲ್ಲೆಯ ಮಣ್ಣೂ ಇದೆ. ಕುದುರೆಮುಖದ ಕಡೆ ಹುಟ್ಟುವ ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಹಸಿರಿಗೆ ಕಾರಣ ಬೇರೆ. ಮುಂಗಾರಿನಲ್ಲಿ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ, ಅದನ್ನುಂಡು ಸೂಕ್ಷ್ಮ ಸಸ್ಯಗಳು ಹೆಚ್ಚುತ್ತವೆ. ಬೂತಾಯಿ, ಬಂಗುಡೆ ಮೀನುಗಳ ಹೊಟ್ಟೆ ತುಂಬುವುದು ಈ ಕದಡಿದ ನೀರಿನಿಂದಲೇ. ಹವಳ ನೋಡಲು ನೀರು ತಿಳಿಯಾಗಬೇಕು. ಡಿಸೆಂಬರ್, ಜನವರಿ ಒಳ್ಳೆಯದು. ಮುರ್ಡೇಶ್ವರದಿಂದ ದೋಣಿ ಹತ್ತುವ ಹಿಂದಿನ ದಿನ ಗಾಳಿ ಹೇಗಿದೆ ಎಂದು ಕೇಳಿಕೊಳ್ಳಿ.